ಗೇಟ್‌ಮ್ಯಾನ್ ನೋಡಿದ ಬೆಳಕು, ನಾನು ಬರೆದ ತಪ್ಪು ರಿಪೋರ್ಟು

ಏರ್‌ಫೋರ್ಸ್ ಸರ್ವಿಸ್‌ನಲ್ಲಿದ್ದಾಗ ನಾನು ಮಾಡಿದ ಎಡವಟ್ಟುಗಳು ಬೇಕಾದಷ್ಟಿವೆ, ಆದರೆ ಇದೊಂದನ್ನ ಮಾತ್ರ ನನ್ನ ಕೈಕೆಳಗೆ ಬಂದ ಪ್ರತಿ ಹೊಸ ಹುಡುಗನಿಗೂ ಹೇಳಿದೀನಿ. ರಿಟೈರ್ ಆಗಿ ವರ್ಷಗಳಾಯ್ತು, ಹೇಳೋಕೆ ಹುಡುಗರು ಇಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಬೇಸ್ ಯಾವುದು ಅಂತ ಹೇಳಲ್ಲ, ದಖ್ಖನ್ ಸೀಮೆ ಅಂದ್ಕೊಳ್ಳಿ ಸಾಕು.

ನಂದು ಮೆಟ್ ಸೆಕ್ಷನ್, ಅಂದ್ರೆ ಹವಾಮಾನ. ವಿಮಾನ ಹಾರಿಸೋರಿಗೆ ಮೇಲಿನ ಗಾಳಿ ಯಾವ ದಿಕ್ಕು, ಎಷ್ಟು ಸ್ಪೀಡು ಅಂತ ಹೇಳಬೇಕು, ಅದಕ್ಕೆ ದಿನಕ್ಕೆ ನಾಲ್ಕು ಸಲ ಪೈಲಟ್ ಬಲೂನ್ ಬಿಡ್ತಿದ್ವಿ. ಪೈಲಟ್ ಅಂದ್ರೆ ಒಳಗೆ ಯಾರೂ ಇರಲ್ಲ ಮತ್ತೆ, ಹೈಡ್ರೋಜನ್ ತುಂಬಿದ ರಬ್ಬರ್ ಬಲೂನು ಅಷ್ಟೇ. ಅದು ನಿಮಿಷಕ್ಕೆ ಎಷ್ಟು ಏರುತ್ತೆ ಅನ್ನೋದು ಮೊದಲೇ ಲೆಕ್ಕ ಹಾಕಿರುತ್ತೆ, ಕೆಳಗೆ ಒಬ್ಬ ಥಿಯೋಡೊಲೈಟ್ ಅನ್ನೋ ಕೋನ ಅಳೆಯೋ ದುರ್ಬೀನಿನಲ್ಲಿ ಕಣ್ಣಿಟ್ಟು ಪ್ರತಿ ನಿಮಿಷಕ್ಕೂ ದಿಕ್ಕಿನ ಕೋನ, ಎತ್ತರದ ಕೋನ ಎರಡನ್ನೂ ಕೂಗ್ತಾನೆ, ಇನ್ನೊಬ್ಬ ಬರ್ಕೋತಾನೆ, ಅದರಿಂದ ಗಾಳಿ ಲೆಕ್ಕ ಸಿಗುತ್ತೆ. ಹಗಲು ಸರಿ, ರಾತ್ರಿ ಬಲೂನು ಎಲ್ಲಿ ಕಾಣಬೇಕು? ಅದಕ್ಕೆ ತೆಳು ಕಾಗದದ ಒಂದು ಗೂಡುದೀಪ, ಒಳಗೆ ಮೋಟು ಮೇಣದಬತ್ತಿ ಹಚ್ಚಿ ಉದ್ದ ದಾರದಲ್ಲಿ ಕೆಳಗೆ ನೇತು ಹಾಕ್ತಿದ್ವಿ. ದಾರ ಉದ್ದ ಯಾಕೆ ಅಂತ ಕೇಳಬೇಡಿ, ಮೇಲಿರೋದು ಹೈಡ್ರೋಜನ್ನು.

ಆ ದೀಪವನ್ನ ಕತ್ತಲಲ್ಲಿ ಹಿಂಬಾಲಿಸೋದು ಒಂದು ಕಲೆ. ಲೆನ್ಸಿನೊಳಗೆ ಅದು ಹಳದಿ ಚುಕ್ಕೆ, ಸ್ವಲ್ಪ ನಡುಗ್ತಾ ಇರುತ್ತೆ, ಎರಡು ಕಿಲೋಮೀಟರ್ ದೂರ ಹೋದ ಮೇಲೆ ನಕ್ಷತ್ರಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಹೊಸದರಲ್ಲಿ ನಾನೊಂದು ಸಲ ಐದು ನಿಮಿಷ ಪೂರ್ತಿ ಒಂದು ನಕ್ಷತ್ರಕ್ಕೆ ರೀಡಿಂಗ್ ಕೂಗಿದ್ದೆ, ಬರ್ಕೋತಿದ್ದ ಸೀನಿಯರ್ ನಿಧಾನಕ್ಕೆ "ಏನಯ್ಯಾ, ನಿನ್ನ ಬಲೂನು ನಿಂತುಬಿಟ್ಟಿದೆಯಲ್ಲ, ಗಾಳಿ ರಜಾ ಹಾಕಿದೆಯಾ" ಅಂದಿದ್ರು.

ಈಗ ವಿಷಯಕ್ಕೆ ಬರ್ತೀನಿ. 1996ರ ಡಿಸೆಂಬರ್ ಮೊದಲ ವಾರ ಒಂದು ಪತ್ರ ನಮ್ಮ ಸೆಕ್ಷನ್‌ಗೆ ಬಂತು. ಬೇಸ್‌ನಿಂದ ಪಶ್ಚಿಮಕ್ಕೆ ಎರಡು ಕಿಲೋಮೀಟರ್ ಒಳಗೇ ಒಂದು ರೈಲ್ವೆ ಗೇಟ್ ಇತ್ತು, ಅಲ್ಲಿನ ಗೇಟ್‌ಮ್ಯಾನ್ ನವೆಂಬರ್ 14ರ ಬೆಳಗಿನ ಜಾವ ಸುಮಾರು 4:50ಕ್ಕೆ ಆಕಾಶದಲ್ಲಿ ಒಂದು ಬೆಳಕು ನೋಡಿದಾರೆ, ಅದು ಬೇಸ್ ಕಡೆಯಿಂದ ಎದ್ದಿದ್ದು, ಇದರ ಬಗ್ಗೆ ತಮಗೆ ತಿಳಿಸ್ತಾ ಇದೀವಿ ಅಂತ ಸ್ಟೇಷನ್ ಮಾಸ್ಟರ್ ಇಂಗ್ಲಿಷಲ್ಲಿ ನಾಲ್ಕು ಸಾಲು ಟೈಪ್ ಮಾಡಿಸಿ ಕಳಿಸಿದ್ರು. ಮಾಮೂಲಿ ಟೈಮಾಗಿದ್ರೆ ಅದು ಯಾವುದೋ ಫೈಲಲ್ಲಿ ಮಲಗಿರ್ತಿತ್ತು. ಆದರೆ ಹಿಂದಿನ ವರ್ಷ 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಒಂದು ಆಂಟೊನೊವ್ ವಿಮಾನ ಎಕೆ-47 ಪೆಟ್ಟಿಗೆಗಳನ್ನ ಪ್ಯಾರಾಶೂಟ್‌ನಲ್ಲಿ ಸುರಿದು ಹೋಗಿತ್ತಲ್ಲ, ಬೆಳಗ್ಗೆ ಹಳ್ಳಿಯವರು ಕಣ್ಣಿಗೆ ಬಿದ್ದ ಗನ್ನು ಎತ್ಕೊಂಡು ಓಡಾಡ್ತಿದ್ರಂತೆ. ಅದಾದ ಮೇಲೆ ಯಾವ ಸಿವಿಲಿಯನ್ "ಮೇಲೆ ಏನೋ ಕಂಡಿತು" ಅಂದ್ರೂ ಬಾಯಿ ಮುಚ್ಕೊಂಡು ವಿಚಾರಿಸಬೇಕು ಅನ್ನೋ ಹವಾ ಇತ್ತು.

ವಿಚಾರಣೆ ಅಂದ್ರೆ ಸಿನಿಮಾ ತರ ಕಪ್ಪು ಕೋಟು ಹಾಕ್ಕೊಂಡವರು ಬರಲ್ಲ. ಸೆಕ್ಯೂರಿಟಿ ಕಡೆಯಿಂದ ಒಬ್ಬ ವಾರಂಟ್ ಆಫೀಸರ್, ಏರ್ ಟ್ರಾಫಿಕ್‌ನಿಂದ ಒಬ್ಬ, ಮೆಟ್‌ನಿಂದ ನಾನು. ವಾರಂಟ್ ಸಾಬ್ ಗಾರ್ಡ್ ರೂಮಿನ ಪುಸ್ತಕ ನೋಡಿದ್ರು, ಏನಿಲ್ಲ. ಏರ್ ಟ್ರಾಫಿಕ್‌ನವನು ಆ ರಾತ್ರಿ ಫ್ಲೈಯಿಂಗೇ ಇರಲಿಲ್ಲ ಅಂದ. ಉಳಿದಿದ್ದು ನಾನು. ಎಲ್ಲರೂ ನನ್ನ ಮುಖ ನೋಡಿದ್ರು, ಯಾಕಂದ್ರೆ ಆಕಾಶ ನಮ್ಮ ಡಿಪಾರ್ಟ್‌ಮೆಂಟು.

ನನಗೆ ಉತ್ತರ ಪತ್ರ ಓದ್ತಿದ್ದಾಗಲೇ ಹೊಳೆದಿತ್ತು. ಆ ನವೆಂಬರ್‌ನಲ್ಲಿ ಶುಕ್ರ ಬೆಳಗಿನ ಜಾವದ ಗ್ರಹ, ಪೂರ್ವದಲ್ಲಿ ಕೆಳಗೆ ಝಗಮಗ ಅಂತಿತ್ತು. ಗೇಟಿನಿಂದ ನೋಡಿದ್ರೆ ಬೇಸ್ ಇರೋದು ಪೂರ್ವಕ್ಕೆ. ಇನ್ನೇನು ಬೇಕು? ಆದರೂ ಶಾಸ್ತ್ರಕ್ಕೆ ಅಂತ ಬಲೂನ್ ರಿಜಿಸ್ಟರ್ ತೆಗೆದೆ. ನಮ್ಮ ರಿಜಿಸ್ಟರ್ ಎಲ್ಲಾ ಝೂಲು ಟೈಮಲ್ಲಿ, ಅಂದ್ರೆ ಗ್ರೀನಿಚ್ ಟೈಮು, ನಮ್ಮ ಗಡಿಯಾರದಲ್ಲಿ ಐದೂವರೆ ಗಂಟೆ ಕಳೆದ್ರೆ ಅದು. 4:50ರಲ್ಲಿ ಐದೂವರೆ ಕಳೆದೆ, 23:20 ಬಂತು. ನವೆಂಬರ್ 14ರ ಪೇಜ್ ತೆಗೆದೆ, 23:20ಕ್ಕೆ ಬಲೂನ್ ಇದೆ! ಒಂದು ಕ್ಷಣ ಎದೆ ಧಸಕ್ ಅಂತು. ಮುಂದೆ ಓದಿದೆ, ತಗ್ಗು ಮೋಡ, ಮೂರನೇ ನಿಮಿಷಕ್ಕೇ ಬಲೂನ್ ಮೋಡದೊಳಗೆ ಹೋಗಿ ಕಾಣೆ. ಪತ್ರದಲ್ಲಿ ಬೆಳಕು ಏಳೆಂಟು ನಿಮಿಷ ಕಾಣಿಸಿತು ಅಂತ ಇದೆ. ಹಾಗಾದ್ರೆ ಬಲೂನ್ ಅಲ್ಲ ಬಿಡು ಅಂತ ಸಮಾಧಾನ ಆಯ್ತು ನೋಡಿ, ಆ ಸಮಾಧಾನವೇ ನನ್ನ ತಪ್ಪು.

ಕೂತು ಅರ್ಧ ಪೇಜ್ ರಿಪೋರ್ಟ್ ಬರೆದೆ. ಸದರಿ ಸಮಯದಲ್ಲಿ ಬಿಟ್ಟ ಬಲೂನ್ ವಿವರಣೆಗೆ ಹೊಂದುವುದಿಲ್ಲ, ಕಂಡದ್ದು ಶುಕ್ರ ಗ್ರಹ. ಅಲ್ಲಿಗೇ ನಿಲ್ಲಿಸಿದ್ರೆ ಚೆನ್ನಾಗಿತ್ತು. ಜಾಣತನ ಹೆಚ್ಚಾಗಿ ಇನ್ನೊಂದು ಸಾಲು ಸೇರಿಸಿದೆ, ಆ ಹೊತ್ತಿಗೆ ಮೋಡ ಕವಿದಿದ್ದರಿಂದ ಸಾಕ್ಷಿಯ ಹೇಳಿಕೆಯನ್ನು ಪೂರ್ತಿ ನಂಬಲಾಗದು ಅಂತ. ಮೋಡ ಕವಿದಿದ್ರೆ ಶುಕ್ರ ಹೇಗೆ ಕಾಣ್ತು ಅಂತ ನನಗೂ ಹೊಳೀಲಿಲ್ಲ, ವಾರಂಟ್ ಸಾಬ್‌ಗೂ ಹೊಳೀಲಿಲ್ಲ, ಸೈನ್ ಹಾಕಿದ ನಮ್ಮ ಆಫೀಸರ್‌ಗೂ ಹೊಳೀಲಿಲ್ಲ. ಮೂರು ಸೈನು, ಒಂದು ಸೀಲು, ಫೈಲ್ ಕ್ಲೋಸ್.

ಶುಕ್ರ ಅನ್ನೋ ಉತ್ತರದ ಮಜಾನೇ ಇದು, ಹೆಚ್ಚಿನ ಸಲ ಅದು ಸರೀನೇ ಇರುತ್ತೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಒಂದು ಸರೋವರದ ಮೇಲೆ ಬೆಳಕುಗಳನ್ನ 329 ಸಲ ನೋಡಿ ಚೀನಾದ ಡ್ರೋನ್ ಇರಬೇಕು ಅಂತ ದಾಖಲೆ ಮಾಡಿದ್ರು, ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನ ಕೇಳಿದಾಗ ಅವು ಗುರು ಮತ್ತು ಶುಕ್ರ ಅಂತ ಗೊತ್ತಾಯ್ತು. ಆ ಎತ್ತರದ ತೆಳು ಗಾಳಿಯಲ್ಲಿ ಗ್ರಹಗಳು ಅಷ್ಟು ಜೋರಾಗಿ ಹೊಳೀತವೆ. ಅಲ್ಲಿ ಮೊದಲು ಲೆಕ್ಕ ಹಾಕಿ ಆಮೇಲೆ ಶುಕ್ರ ಅಂದ್ರು, ನಾನು ಮೊದಲು ಶುಕ್ರ ಅಂದು ಆಮೇಲೆ ಲೆಕ್ಕ ಹಾಕಿದೆ.

ಜನವರಿಯಲ್ಲಿ ಒಂದು ದಿನ ಸಂಜೆ ಅದೇ ರೋಡಲ್ಲಿ ಸೈಕಲ್‌ನಲ್ಲಿ ಬರ್ತಿದ್ದೆ, ಗೇಟ್ ಹಾಕಿತ್ತು. ಗೇಟ್‌ಮ್ಯಾನ್ ಹಸಿರು ಬಾವುಟ ಹಿಡ್ಕೊಂಡು ನಿಂತಿದ್ರು, ಐವತ್ತು ದಾಟಿದ ವಯಸ್ಸು, ಗದಗ ಕಡೆ ಮಾತು. ಗಾಡಿ ಹೋದ ಮೇಲೂ ನಾನು ಹೊರಡಲಿಲ್ಲ, ಏನೋ ಮಾತು ತೆಗೆದು ಆ ಬೆಳಕು ನೋಡಿದ್ದು ನೀವೇನಾ ಅಂತ ಕೇಳಿಬಿಟ್ಟೆ. ಅವರು ಬಾವುಟ ಸುತ್ತುತ್ತಾ ನನ್ನ ಯೂನಿಫಾರ್ಮ್ ನೋಡಿದ್ರು.

"ನಾನೇ ನೋಡಿದ್ದು ಹೌದ್ರಿ. ಬೆಳ್ಳಿಚಿಕ್ಕಿ ನೋಡಿ ಹೆದರಿದಾ ಅಂತ ಸ್ಟೇಷನ್‌ನಾಗ ಎಲ್ಲಾರೂ ನಗಾಕತ್ತಾರ್ರಿ. ರಾತ್ರಿ ಡ್ಯೂಟ್ಯಾಗ ಎಷ್ಟ್ ಹಾಕ್ಕೊಂಡಿದ್ದಿ ಅಂತಾನೂ ಕೇಳ್ಯಾರು. ನಾ ಕುಡಿಯಂಗಿಲ್ರಿ."

ನಾನೇ ಆ ರಿಪೋರ್ಟ್ ಬರೆದವನು ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವರೇ ಮುಂದುವರಿಸಿದ್ರು, "ಬೆಳ್ಳಿಚಿಕ್ಕಿ ನಮಗ ಗೊತ್ತಿಲ್ಲೇನ್ರಿ? ಅದು ಮೂಡಿದ ಕೂಡ್ಲೇ ನಮ್ಮಪ್ಪ ಎದ್ದು ಎತ್ತಿಗೆ ಮೇವು ಹಾಕಾಂವ. ಅವತ್ತೂ ಇತ್ರಿ ಅದು, ಅಲ್ಲೇ, ಆ ಸಿಗ್ನಲ್ ಕಂಬದ ಎಡಕ್ಕ. ಇದು ಬ್ಯಾರೆ. ನಿಮ್ಮ ನೀರಿನ ಟಾಕಿ ಐತಲ್ರಿ, ಅದರ ಹಿಂದಿಂದ ಎದ್ದು ಬೆಳ್ಳಿಚಿಕ್ಕಿ ದಾಟಿ ಮ್ಯಾಲ್ ಮ್ಯಾಲ್ ಬಂತು, ನನ್ನ ಕಡೀಗೇ ಬರಾಕತ್ತಿತ್ತು, ಪಕ್ ಅಂತ ಆರಿ ಹೋತು."

ನಾನು ಬೆಳಕು ಯಾವ ಬಣ್ಣ ಅಂತ ಕೇಳಿದೆ. "ಚಿಮಣಿ ಬಣ್ಣರಿ" ಅಂದ್ರು. ಚಿಮಣಿ ಅಂದ್ರೆ ಸೀಮೆಎಣ್ಣೆ ಬುಡ್ಡಿ. ಮೇಣದಬತ್ತಿ ಅಂತ ಇನ್ನು ಬಾಯಿ ಬಿಟ್ಟು ಹೇಳೋದೊಂದು ಬಾಕಿ. ಸ್ಟೇಷನ್ ಮಾಸ್ಟರ್ ಪತ್ರದಲ್ಲಿ ಇದ್ದಿದ್ದು "ಪೂರ್ವದಲ್ಲಿ ಪ್ರಕಾಶಮಾನವಾದ ಬೆಳಕು ಮೇಲೇರಿತು" ಅನ್ನೋ ಅರ್ಥದ ಒಂದು ವಾಕ್ಯ ಅಷ್ಟೇ. ಬಣ್ಣ ಇಲ್ಲ, ತನ್ನ ಕಡೆ ಬಂತು ಅನ್ನೋದಿಲ್ಲ, ಆರಿ ಹೋಯ್ತು ಅನ್ನೋದಿಲ್ಲ, ಬೆಳ್ಳಿ ಪಕ್ಕದಲ್ಲೇ ಬೇರೆ ಇತ್ತು ಅನ್ನೋದಂತೂ ಇಲ್ಲವೇ ಇಲ್ಲ. ಗದಗದ ಕನ್ನಡದಿಂದ ಆಫೀಸ್ ಇಂಗ್ಲಿಷಿಗೆ ಹೋಗೋ ದಾರೀಲಿ ಸಾಕ್ಷಿ ಪೂರ್ತಿ ಸೋರಿಹೋಗಿತ್ತು, ಉಳಿದ ಸಿಪ್ಪೆ ಇಟ್ಕೊಂಡು ನಾನು ತನಿಖೆ ಮಾಡಿದ್ದೆ. ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಕೆನೆತ್ ಅರ್ನಾಲ್ಡ್. 1947ರ ಜೂನ್ 24ರಂದು ಈತ ತನ್ನ ಸ್ವಂತ ವಿಮಾನದಲ್ಲಿ ಹೋಗ್ತಿದ್ದಾಗ ರೇನಿಯರ್ ಪರ್ವತದ ಹತ್ತಿರ ಒಂಬತ್ತು ವಸ್ತುಗಳನ್ನ ನೋಡಿದ್ದು, ಅವು ನೀರಿನ ಮೇಲೆ ಎಸೆದ ತಟ್ಟೆ ಪುಟಿಯೋ ಹಾಗೆ ಚಲಿಸ್ತಿದ್ವು ಅಂತ ಚಲನೆ ಬಗ್ಗೆ ಹೇಳಿದ್ರೆ ಪೇಪರಿನವರು ಆಕಾರವೇ ತಟ್ಟೆ ಅಂತ ಬರೆದು ಹಾರುವ ತಟ್ಟೆ ಹುಟ್ಟಿಸಿಬಿಟ್ರು. ಆದರೆ ಮಿಲಿಟರಿಯವರು ಅಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದ್ರು, ಬ್ರೌನ್ ಮತ್ತು ಡೇವಿಡ್ಸನ್ ಅನ್ನೋ ಇಬ್ಬರು ಆಫೀಸರ್‌ಗಳು ಜುಲೈನಲ್ಲಿ ಆತನ ಊರಿಗೇ ಹೋಗಿ ಎದುರು ಕೂತು ಕೇಳಿ ಬರ್ಕೊಂಡ್ರು, ನೋಡಿದ್ದನ್ನೇ ಹೇಳ್ತಿದಾನೆ ಅಂತ ಅಭಿಪ್ರಾಯ ಬರೆದ್ರು. ಪಾಪ, ಇಬ್ಬರೂ ಅದೇ ಆಗಸ್ಟ್ 1ರಂದು ಇನ್ನೊಂದು ಇಂಥದ್ದೇ ಕೇಸ್ ವಿಚಾರಿಸಿ ವಾಪಸ್ ಬರ್ತಾ ಬಿ-25 ವಿಮಾನ ಅಪಘಾತದಲ್ಲಿ ಸತ್ತರು. ಅವರು ನೂರಾರು ಕಿಲೋಮೀಟರ್ ಹೋಗಿ ಕೇಳಿದ್ರು, ನನಗೆ ಎರಡು ಕಿಲೋಮೀಟರ್ ಸೈಕಲ್ ತುಳಿಯೋಕೆ ಆಗಿರಲಿಲ್ಲ.

ಗೇಟ್‌ಮ್ಯಾನ್ ತಮ್ಮ ಕ್ಯಾಬಿನ್‌ನಿಂದ ರಿಜಿಸ್ಟರ್ ತಂದು ತೋರಿಸಿದ್ರು. ಸ್ಟೇಷನ್‌ನಿಂದ ಫೋನ್ ಬಂದು ಗೇಟ್ ಹಾಕಿ, ಹಾಕಿದೆ ಅನ್ನೋದಕ್ಕೆ ಗುರುತಾಗಿ ಪ್ರೈವೇಟ್ ನಂಬರ್ ಕೊಟ್ಟಿದ್ದು 4:44, ಗೂಡ್ಸ್ ಪಾಸಾಗಿದ್ದು 4:56. ಆ ಮಧ್ಯೆ ಬೆಂಚಿನ ಮೇಲೆ ಕೂತಿದ್ದಾಗ ನೋಡಿದ್ದು. ಸ್ಪಷ್ಟ ಕೈಬರಹ, ಒಂದು ತಿದ್ದಿಲ್ಲ, ನಮ್ಮ ರಿಜಿಸ್ಟರ್ ನೋಡಿದ್ರೆ ನಾಚಿಕೆ ಆಗಬೇಕು. ನಾನು ಅದೇ ಬೆಂಚಿನ ಮೇಲೆ ಕೂತು ಕೈ ಚಾಚಿ ಮುಷ್ಟಿ ಹಿಡಿದು ಅಳೆದೆ, ಒಂದು ಮುಷ್ಟಿ ಅಂದ್ರೆ ಸುಮಾರು ಹತ್ತು ಡಿಗ್ರಿ. ಎಲ್ಲಿ ಆರಿತು ತೋರಿಸಿ ಅಂದೆ, ಅವರು ಬೇವಿನ ಮರದ ಒಂದು ಟೊಂಗೆ ತೋರಿಸಿದ್ರು, ನಾಲ್ಕು ಮುಷ್ಟಿ ಚಿಲ್ಲರೆ. ಅಷ್ಟು ಎತ್ತರದಲ್ಲಿ ಶುಕ್ರ ಆ ತಿಂಗಳು ಆ ಹೊತ್ತಿಗೆ ಇರೋಕೆ ಸಾಧ್ಯವೇ ಇಲ್ಲ, ಅದು ಒಂದು ಮುಷ್ಟಿ ಎತ್ತರದಲ್ಲಿತ್ತು.

ವಾಪಸ್ ಬರ್ತಾ ಸೈಕಲ್ ಮೇಲೆ ಹೊಳೀತು. ಇಷ್ಟು ಹೊತ್ತಿಗೆ ಓದ್ತಿರೋ ನಿಮಗೂ ಹೊಳೆದಿರುತ್ತೆ ಬಿಡಿ. 4:50ರಲ್ಲಿ ಐದೂವರೆ ಕಳೆದ್ರೆ ಗಂಟೆ ಮಾತ್ರ ಹಿಂದೆ ಹೋಗಲ್ಲ, ತಾರೀಖೂ ಹಿಂದೆ ಹೋಗುತ್ತೆ. 14ನೇ ತಾರೀಖಿನ ಬೆಳಗಿನ ಜಾವ ನಮ್ಮ ರಿಜಿಸ್ಟರ್‌ನಲ್ಲಿ 13ರ ಪೇಜ್. ನಾನು ನೋಡಿದ್ದು ಮಾರನೇ ದಿನದ ಬಲೂನು, ಮಾರನೇ ದಿನದ ಮೋಡ. ಇದು ಮೆಟ್ ಸೆಕ್ಷನ್‌ಗೆ ಸೇರಿದ ಮೊದಲ ವಾರ ಹೇಳ್ಕೊಡೋ ಪಾಠ, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ, ಆದರೆ ಅವತ್ತು ನನಗೆ ರಿಜಿಸ್ಟರ್‌ನಿಂದ ಬೇಕಾಗಿದ್ದು ಉತ್ತರ ಅಲ್ಲ, ಒಪ್ಪಿಗೆ.

ಸೆಕ್ಷನ್‌ಗೆ ಹೋಗಿ ಲೈಟ್ ಹಾಕಿ 13ರ ಪೇಜ್ ತೆಗೆದೆ. 23:18, ಆಕಾಶ ನಿರ್ಮಲ, ಗಾಳಿ ಪೂರ್ವದಿಂದ. ಏಳು ನಿಮಿಷದ ರೀಡಿಂಗ್. ಏಳನೇ ನಿಮಿಷದ ಮುಂದೆ ಷರಾ, ದೀಪ ಆರಿತು. ಥಿಯೋಡೊಲೈಟ್‌ನಲ್ಲಿ ಇದ್ದವನ ಸೈನ್ ನೋಡಿದೆ. ನಂದೇ. ಆ ಏಳು ನಿಮಿಷ ಆ ಕಡೆ ಬೆಂಚಿನ ಮೇಲೆ ಅವರು, ಈ ಕಡೆ ಲೆನ್ಸಿನಲ್ಲಿ ನಾನು, ಇಬ್ಬರೂ ಒಂದೇ ಮೇಣದಬತ್ತಿ ನೋಡ್ತಿದ್ವಿ. ಆಮೇಲೆ ಅವರನ್ನ ನಂಬಲಾಗದು ಅಂತ ಬರೆದವನೂ ನಾನೇ.

ನೀನೇ ಹಾರಿಸಿದ್ದು ನಿನಗೇ ನೆನಪಿರಲಿಲ್ವಾ ಅಂತ ಕೇಳ್ತೀರಿ. ಪತ್ರ ನಮ್ಮ ಕೈಗೆ ಬರೋ ಹೊತ್ತಿಗೆ ಮೂರು ವಾರ ಆಗಿತ್ತು, ದಿನಕ್ಕೆ ನಾಲ್ಕು ಬಲೂನು, ನೈಟ್ ಡ್ಯೂಟಿಯಲ್ಲಿ ಯಾವ ರಾತ್ರಿ ಯಾವುದು ಅಂತ ನೆನಪಿರಲ್ಲ. ಹಾಗಾದ್ರೆ ಆ ಗೇಟ್‌ಮ್ಯಾನ್ ದಿನಾ ನೋಡ್ತಿರಬೇಕಲ್ಲ ಅನ್ನೋದು ಎರಡನೇ ಪ್ರಶ್ನೆ, ಅದನ್ನ ನಾನೂ ಕೇಳಿದ್ದೆ, ಅವರು ಆ ಗೇಟ್‌ಗೆ ವರ್ಗ ಆಗಿ ಬಂದು ಅವತ್ತಿಗೆ ನಾಲ್ಕೇ ದಿನ ಆಗಿತ್ತು. ಅವರ ಹಿಂದಿನವರಿಗೆ ಅದು ದಿನಾ ಕಾಣೋ ದೀಪ, ಹೋಗುವಾಗ ಹೇಳಿ ಹೋಗಬೇಕು ಅನ್ನಿಸಿರಲಿಕ್ಕಿಲ್ಲ.

ತಾರೀಖಿನ ಎಡವಟ್ಟು ನನ್ನೊಬ್ಬನದೇ ಅಲ್ಲ ಅಂತ ಆಮೇಲೆ ಓದಿ ಸ್ವಲ್ಪ ಸಮಾಧಾನ ಪಟ್ಟೆ. ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷ ಆಗೋದಕ್ಕೆ ಮುಂಚೆ 1973ರಲ್ಲಿ ತಾನೊಂದು ಬೆಳಕು ನೋಡಿದ್ದೆ ಅಂತ ಫಾರಂ ತುಂಬಿದಾಗ 1969ರ ಅಕ್ಟೋಬರ್ ಅಂತ ಬರೆದಿದ್ರು, ಆದರೆ ಅವತ್ತು ಅವರು ಭಾಷಣ ಮಾಡೋಕೆ ಹೋಗಿದ್ದ ಕ್ಲಬ್ಬಿನ ದಾಖಲೆ ತೆಗೆದು ನೋಡಿದ್ರೆ ಅದು ಅದೇ ವರ್ಷದ ಜನವರಿ 6. ಒಂಬತ್ತು ತಿಂಗಳು ಆಚೆ ಈಚೆ ಆದ್ರೆ ಆಕಾಶದಲ್ಲಿ ಗ್ರಹಗಳೇ ಬೇರೆ.

ಬಲೂನ್ ವಿಷಯದಲ್ಲಿ ಅಮೆರಿಕದ ರಾಸ್‌ವೆಲ್ ಕೇಸ್ ಎಲ್ಲರಿಗೂ ಗೊತ್ತು. 1947ರಲ್ಲಿ ದನ ಮೇಯಿಸೋ ರಾಂಚಿನವನಿಗೆ ಹೊಲದಲ್ಲಿ ಚೂರುಪಾರು ಸಿಕ್ಕಿತು, ಸೇನೆ ಮೊದಲು ಹಾರುವ ತಟ್ಟೆ ಸಿಕ್ಕಿದೆ ಅಂತು, ಆಮೇಲೆ ಹವಾಮಾನದ ಬಲೂನ್ ಅಂತು, 1994ರಲ್ಲಿ ಅವರ ಏರ್‌ಫೋರ್ಸ್ ರಿಪೋರ್ಟು ಅದು ಸೋವಿಯತ್ ಅಣು ಪರೀಕ್ಷೆಯ ಸದ್ದು ಹಿಡಿಯೋಕೆ ಬಿಟ್ಟಿದ್ದ ಮೊಗಲ್ ಅನ್ನೋ ಗುಪ್ತ ಯೋಜನೆಯ ಬಲೂನು ಅಂತು. ಅವರಿಗಾದ್ರೂ ಬಲೂನು ಟಾಪ್ ಸೀಕ್ರೆಟ್ ಅನ್ನೋ ನೆಪ ಇತ್ತು. ನಂದು ಗೂಡುದೀಪ, ಸೀಕ್ರೆಟ್ಟೂ ಇಲ್ಲ ಮಣ್ಣೂ ಇಲ್ಲ.

ಮಾರನೇ ದಿನ ಎರಡೂ ಪೇಜ್ ತಗೊಂಡು ಆಫೀಸರ್ ಹತ್ರ ಹೋದೆ. ಅವರು ಕೆಟ್ಟವರಲ್ಲ, ಆದರೆ ಮೊದಲ ಮಾತು "ಫೈಲ್ ಕ್ಲೋಸ್ ಆಗಿದೆಯಲ್ಲ, ಹೇಗೂ ಅಪಾಯ ಏನಿಲ್ಲ ಅಂತಲೇ ಬರೆದಿದೀವಿ, ಶುಕ್ರ ಆದ್ರೇನು ಬಲೂನ್ ಆದ್ರೇನು" ಅಂತ. ಅವರ ಲೆಕ್ಕದಲ್ಲಿ ಅದು ಸರಿ, ಸೇನೆ ವಿಚಾರಣೆ ಮಾಡೋದು ಶತ್ರುನಾ ಅಲ್ವಾ ಅಂತ ತಿಳ್ಕೊಳ್ಳೋಕೆ. ಬ್ರಿಟನ್ನಿನ ರಕ್ಷಣಾ ಇಲಾಖೆ 2009ರಲ್ಲಿ ಯುಎಫ್‌ಓ, ಅಂದ್ರೆ ಗುರುತು ಸಿಗದ ಹಾರುವ ವಸ್ತುಗಳ ಡೆಸ್ಕ್ ಮುಚ್ಚಿದಾಗಲೂ ಹೇಳಿದ್ದು ಅದನ್ನೇ, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಂದ ಯಾವ ದೂರಲ್ಲೂ ದೇಶಕ್ಕೆ ಅಪಾಯ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ ಅಂತ. ಆದರೆ ದೂರು ಕೊಟ್ಟ ಮನುಷ್ಯನಿಗೆ ಅಪಾಯ ಇತ್ತೋ ಇಲ್ವೋ ಅನ್ನೋದು ಪ್ರಶ್ನೆ ಅಲ್ಲ, ತಾನು ಕಂಡಿದ್ದು ಹೌದೋ ಅಲ್ವೋ ಅನ್ನೋದು. ನಾನು "ಸರ್, ಅವರ ಮೇಲೆ ಕುಡುಕ ಅನ್ನೋ ಮಾತು ಬಂದಿದೆ, ಅದು ನನ್ನ ಒಂದು ಸಾಲಿನಿಂದ" ಅಂದೆ. ಸ್ವಲ್ಪ ಹೊತ್ತು ಪೆನ್ ತಿರುಗಿಸ್ತಾ ಕೂತಿದ್ರು, ಆಮೇಲೆ ತಿದ್ದುಪಡಿ ಬರ್ಕೊಂಡು ಬಾ ಅಂದ್ರು. ಸ್ಟೇಷನ್ ಮಾಸ್ಟರ್‌ಗೆ ಹೋದ ಎರಡನೇ ಪತ್ರದಲ್ಲಿ ತಮ್ಮ ನೌಕರರು ನೀಡಿದ ವಿವರ, ಸಮಯ ಎರಡೂ ನಿಖರವಾಗಿವೆ ಅನ್ನೋ ವಾಕ್ಯ ನಾನು ಹೇಳಿ ಹಾಕಿಸಿದ್ದು.

ಅಮೆರಿಕದ ಬ್ಲೂ ಬುಕ್ ಅಂತ ಒಂದು ಪ್ರಾಜೆಕ್ಟ್ ಇತ್ತು, 1952ರಿಂದ 1969ರವರೆಗೆ, ಯುಎಫ್‌ಓ ದೂರು ವಿಚಾರಿಸೋಕೆ ಅವರ ಏರ್‌ಫೋರ್ಸ್ ನಡೆಸಿದ್ದು. 1947ರಿಂದ ಬಂದ ದೂರೆಲ್ಲ ಸೇರಿ 12,618, ಅದರಲ್ಲಿ ಏನಂತ ಗೊತ್ತಾಗದೆ ಉಳಿದಿದ್ದು 701. ಯುಎಫ್‌ಓ ಹುಚ್ಚಿನವರೆಲ್ಲ ಆ 701ರ ಹಿಂದೆ ಬಿದ್ದಿರ್ತಾರೆ. ನನಗೆ ಕುತೂಹಲ ಇರೋದು ಉಳಿದ 11,917ರ ಮೇಲೆ, ಗೊತ್ತಾಯ್ತು ಅಂತ ಮುಚ್ಚಿದ ಫೈಲುಗಳು. ಗೊತ್ತಾಗಿಲ್ಲ ಅಂತ ಬರೆದ ಫೈಲನ್ನ ನಾಳೆ ಯಾರಾದ್ರೂ ಮತ್ತೆ ತೆಗೀತಾರೆ, ತಪ್ಪು ಉತ್ತರ ಬರೆದು ಸೀಲ್ ಒತ್ತಿದ್ದನ್ನ ಯಾರೂ ಮುಟ್ಟಲ್ಲ. ಆ ಪ್ರಾಜೆಕ್ಟ್‌ಗೆ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಅಲೆನ್ ಹೈನೆಕ್ 1966ರ ಮಾರ್ಚ್‌ನಲ್ಲಿ ಮಿಶಿಗನ್‌ನಲ್ಲಿ ಜನ ನೋಡಿದ ಬೆಳಕುಗಳಿಗೆ ಜೌಗು ನೆಲದ ಗ್ಯಾಸ್ ಕಾರಣ ಇರಬಹುದು ಅಂತ ಪ್ರೆಸ್ ಮುಂದೆ ಹೇಳಿ ದೇಶಕ್ಕೆಲ್ಲ ನಗೆಪಾಟಲಾದ್ರು, ಅಲ್ಲಿನ ಸಂಸದರಾಗಿದ್ದ ಜೆರಾಲ್ಡ್ ಫೋರ್ಡ್ ಇದರ ವಿಚಾರಣೆ ಆಗಬೇಕು ಅಂತ ಪಟ್ಟು ಹಿಡಿದ್ರು. ನೋಡಿದವರಿಗೆ ಸಿಟ್ಟು ಬಂದಿದ್ದು ಗ್ಯಾಸ್ ಅಂದಿದ್ದಕ್ಕಲ್ಲ, ನೀವು ದಡ್ಡರು ಅಂದಂಗೆ ಕೇಳಿಸಿದ್ದಕ್ಕೆ.

ಅದಾದ ಮೇಲೆ ನನ್ನ ಅಭ್ಯಾಸ ಬದಲಾಯ್ತು. ರಿಜಿಸ್ಟರ್ ಪ್ರತಿ ಪೇಜ್‌ನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ನಮ್ಮ ಗಡಿಯಾರದ ತಾರೀಖು ಬರೆಯೋದು, ಯಾರಾದ್ರೂ ಹೊರಗಿನವರು ಏನಾದ್ರೂ ನೋಡಿದೆ ಅಂದ್ರೆ ಪುಸ್ತಕ ತೆಗೆಯೋ ಮುಂಚೆ ಅವರ ಮಾತನ್ನ ಅವರ ಭಾಷೆಯಲ್ಲೇ ಬರ್ಕೊಳ್ಳೋದು, ಚಿಮಣಿ ಬಣ್ಣ ಅಂದ್ರೆ ಚಿಮಣಿ ಬಣ್ಣ ಅಂತಲೇ. 2023ರ ನವೆಂಬರ್ 19ರಂದು ಇಂಫಾಲ್ ಏರ್‌ಪೋರ್ಟ್ ಮೇಲೆ ಏನೋ ಕಂಡು ಮೂರು ಗಂಟೆಗೂ ಹೆಚ್ಚು ವಿಮಾನ ಸಂಚಾರ ನಿಲ್ಲಿಸಿ ಎರಡು ರಫೇಲ್ ಹಾರಿಸಿದ ಸುದ್ದಿ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಪ್ರಶ್ನೆ, ಮೊದಲು ನೋಡಿದವರು ಯಾವ ಮಾತಲ್ಲಿ ಹೇಳಿದ್ರು ಅಂತ. ಅದು ಬಲೂನ್ ಇರಬಹುದು ಅನ್ನೋದು ಎರಡನೆಯದು, ಹಳೇ ಚಟ, ಬಿಡಲ್ಲ.

ಗೇಟ್‌ಮ್ಯಾನ್‌ಗೆ ಕೊನೆಗೂ ಹೇಳಿದೆ, ಬರೆದವನು ನಾನೇ, ಹಾರಿಸಿದವನೂ ನಾನೇ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಜೋರಾಗಿ ನಕ್ಕರು, ಒಂದು ಮೇಣದಬತ್ತಿಗೆ ಇಷ್ಟು ಕಾಗದನಾ ಅಂತ. ಫೆಬ್ರವರಿಯಲ್ಲಿ ಒಂದು ದಿನ ಗೇಟ್ ಹತ್ರ ಸೈಕಲ್ ನಿಲ್ಲಿಸಿದ ಕೂಡಲೇ ಅವರೇ ಕೇಳಿದ್ರು, "ಇವತ್ತ ಮುಂಜಾನಿದು ಮೂರು ನಿಮಿಷಕ್ಕ ಆರಿ ಹೋತಲ್ರಿ? ಗಾಳಿ ಏನ್ ಇರಲಿಲ್ಲ, ಬತ್ತಿ ಚಲೋದು ತರಸ್ರಿ." ಆಫೀಸ್‌ಗೆ ಹೋಗಿ ಪೇಜ್ ತಿರುವಿ, ಹೌದು, ಹಿಂದಿನ ದಿನದ ಪೇಜೇ, ನೋಡಿದೆ. ಮೂರನೇ ನಿಮಿಷ, ದೀಪ ಆರಿತು.